ಶ್ರೋಣಿತಳದ ದುರ್ಬಲತೆ ಮತ್ತು ವಯಸ್ಸಾದ ಮಹಿಳೆಯರ ಮೂತ್ರ ಸೋರಿಕೆ

ಶ್ರೋಣಿತಳವೆಂದರೆ ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಹೊತ್ತಿರುವ ಸ್ನಾಯುಗಳ ಹಾಸು. ಅದು ಸಡಿಲಗೊಂಡರೆ ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಮೂತ್ರ ಸೋರಬಹುದು; ಇದು ಒತ್ತಡದ ಸೋರಿಕೆ. ತಡೆಯಲಾಗದ ಅವಸರ ಹುಟ್ಟಿ ಶೌಚಾಲಯ ತಲುಪುವ ಮೊದಲೇ ಸೋರುವುದು ಅವಸರದ ಸೋರಿಕೆ. ಮೂತ್ರಕೋಶ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುವುದೇ ಹೆಚ್ಚಾಗಿ ಅದಕ್ಕೆ ಕಾರಣ. ಅನೇಕ ಹಿರಿಯರಲ್ಲಿ ಎರಡೂ ಕೂಡಿರುತ್ತವೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುವವರು ಬಹಳ. ವಯಸ್ಸಿನೊಂದಿಗೆ ತೊಂದರೆ ಹೆಚ್ಚುವುದು ನಿಜ, ಆದರೆ ವಯಸ್ಸೊಂದೇ ಕಾರಣವಲ್ಲ. ಹೆರಿಗೆಯಲ್ಲಿ ಸ್ನಾಯು ಮತ್ತು ನರಗಳಿಗಾದ ಪೆಟ್ಟು ವರ್ಷಗಟ್ಟಲೆ ಮರೆಯಾಗಿದ್ದು, ಮುಟ್ಟು ನಿಂತು ಈಸ್ಟ್ರೋಜೆನ್ ಇಳಿದ ಮೇಲೆ ತೋರಿಕೊಳ್ಳಬಹುದು. ಬೊಜ್ಜು, ಹಳೆಯ ಕೆಮ್ಮು, ಮಲಬದ್ಧತೆಯ ಮುಕ್ಕುವಿಕೆ ಶ್ರೋಣಿತಳದ ಮೇಲೆ ಭಾರ ಹೇರುತ್ತವೆ. ಇವುಗಳಲ್ಲಿ ಕೆಲವನ್ನು ಇಳಿಸಲು ಸಾಧ್ಯ.

ಸ್ನಾಯುವನ್ನೂ ಪಳಗಿಸಬಹುದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದಕ್ಕಾಗಿ ಶ್ರೋಣಿತಳವನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮಕ್ರಮವನ್ನು ಪ್ರಕಟಿಸಿದರು. 31 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ, ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯ ಪ್ರಕಾರ, ಒತ್ತಡದ ಸೋರಿಕೆಯಿದ್ದು ವ್ಯಾಯಾಮ ಮಾಡಿದವರಲ್ಲಿ ಶೇ. 56ರಷ್ಟು ಮಂದಿ ಗುಣವಾಯಿತೆಂದರು; ಚಿಕಿತ್ಸೆ ಪಡೆಯದವರಲ್ಲಿ ಹಾಗೆಂದವರು ಶೇ. 6 ಮಾತ್ರ. ಈ ಲಾಭ ಎಷ್ಟು ಕಾಲ ನಿಲ್ಲುತ್ತದೆ ಎಂಬುದಕ್ಕೆ ಪುರಾವೆ ಸಾಲದೆಂದೂ ಆ ವಿಮರ್ಶೆಯೇ ಒಪ್ಪುತ್ತದೆ. ಮಾಡಿ ನೋಡಿದರೂ ಫಲ ಸಿಗಲಿಲ್ಲ ಎಂಬ ದೂರೂ ಸುಳ್ಳಲ್ಲ. 1991ರ ಒಂದು ಅಧ್ಯಯನದಲ್ಲಿ, ಬಾಯಿಮಾತಿನ ವಿವರಣೆಯಷ್ಟೇ ಪಡೆದ 47 ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಸ್ನಾಯುವನ್ನು ಸರಿಯಾಗಿ ಬಿಗಿಹಿಡಿದರು. ಕಾಲುಭಾಗದವರು ಮಾಡಿದ್ದು ಸೋರಿಕೆಯನ್ನು ಹೆಚ್ಚಿಸುವಂತಿತ್ತು. ಹೊಟ್ಟೆ ಬಿಗಿದು ಕೆಳಕ್ಕೆ ಮುಕ್ಕಿದರೆ ವ್ಯಾಯಾಮವೇ ತಲೆಕೆಳಗಾಗುತ್ತದೆ. ಆದ್ದರಿಂದ ತರಬೇತಾದವರಿಂದ ಪರೀಕ್ಷಿಸಿಕೊಂಡು ಕಲಿತು, ಕನಿಷ್ಠ 3 ತಿಂಗಳು ಬಿಡದೆ ಮಾಡಿದ ಮೇಲೆಯೇ ಫಲವನ್ನು ಅಳೆಯುವುದು ನ್ಯಾಯ.

ವ್ಯಾಯಾಮ ಎಲ್ಲಕ್ಕೂ ಮದ್ದಲ್ಲ. ಮೂಳೆಯಿಂದಲೇ ಹರಿದು ಬೇರ್ಪಟ್ಟ ಸ್ನಾಯುವನ್ನು ಅದು ಬೆಸೆಯಲಾರದು. ಅಂಥವರಿಗೆ ಯೋನಿಯೊಳಗೆ ಇಡುವ ಆಧಾರದ ಉಂಗುರ ಅಥವಾ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೂತ್ರದ ಸೋಂಕು, ಮಧುಮೇಹ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಸೋರಿಕೆ ಆಗಬಹುದು. ಮಂಡಿನೋವಿನಿಂದ ನಡಿಗೆ ನಿಧಾನವಾದವರು ಶೌಚಾಲಯ ಮುಟ್ಟುವುದೇ ತಡವಾಗುತ್ತದೆ. ಹೀಗಾಗಿ ಕಾರಣ ಹುಡುಕುವುದು ಮೊದಲ ಕೆಲಸ. ಸೋರಿಕೆಗೆ ಹೆದರಿ ನೀರನ್ನೇ ತೀರಾ ಕಡಿಮೆ ಮಾಡಿದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸಬಹುದು, ಮಲಬದ್ಧತೆಯೂ ಹೆಚ್ಚಬಹುದು. ವಯಸ್ಸಿನ ಕಾರಣ ಹೇಳಿ ಪರೀಕ್ಷೆಯನ್ನೇ ಬಿಟ್ಟಾಗ ವಾಸಿಯಾಗಬಹುದಾದ ಕಾಯಿಲೆಯೂ ಉಳಿದುಬಿಡುತ್ತದೆ. ರಾತ್ರಿ ಅವಸರದಲ್ಲಿ ಎದ್ದು ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಅದರ ಜೊತೆಗೇ ಉಳಿಯುತ್ತದೆ.