ಕಪಾಟಿನ ಕದದ ಮೇಲೆ ಉಬ್ಬು ಚಿತ್ತಾರ



ಸಂಸ್ಕೃತದ ‘ಕಪಾಟ’ ಎಂಬ ಪದಕ್ಕೆ ಬಾಗಿಲಿನ ಕದ ಎಂದೇ ಅರ್ಥ. ನಮ್ಮ ಆಡುಮಾತಿನಲ್ಲಿ ಅದೇ ಪದ ಬಟ್ಟೆಬರೆ, ಪಾತ್ರೆ, ಪುಸ್ತಕಗಳನ್ನು ಇರಿಸುವ ಪೆಟ್ಟಿಗೆಗೆ ಹೆಸರಾಗಿ ನಿಂತಿತು. ಒಳಗೆ ಏನಿದ್ದರೂ ಕಣ್ಣಿಗೆ ಬೀಳುವುದು ಕದವೇ ಅಲ್ಲವೇ? ಅದನ್ನು ಅಂದಗೊಳಿಸುವ ಆಸೆಯೂ ಮನುಷ್ಯನಿಗೆ ಹಳೆಯದು.

ಇತ್ತೀಚೆಗೆ ಮನೆಯಲ್ಲಿಯೇ ಮಾಡಬಹುದಾದ ಒಂದು ವಿಧಾನ ಬಳಕೆಗೆ ಬಂದಿದೆ. ಹೂಬಳ್ಳಿಯ ಆಕಾರ ಕೊರೆದ ಹಾಳೆಯನ್ನು ಕದದ ಮೇಲೆ ಅಂಟಿಸಿ, ಗಟ್ಟಿಯಾಗಿ ಕಲಸಿದ ಪ್ಲಾಸ್ಟರನ್ನು ತೆಳುವಾದ ಅಲಗಿನಿಂದ ಸವರಿ, ಒಣಗುವ ಮೊದಲೇ ಹಾಳೆಯನ್ನು ಮೆಲ್ಲನೆ ಎತ್ತುತ್ತಾರೆ. ಚಿತ್ತಾರ ಉಬ್ಬಿ ನಿಲ್ಲುತ್ತದೆ. ಒಣಗಿದ ಬಳಿಕ ಅಂಚನ್ನು ಉಜ್ಜಿ ನಯಗೊಳಿಸಿ ಬಣ್ಣ ಹಚ್ಚುತ್ತಾರೆ. ರಂಧ್ರಗಳಿರುವ ಅಚ್ಚಿನಿಂದ ಅಂಗಳದಲ್ಲಿ ರಂಗೋಲಿ ಬಿಡಿಸುವುದನ್ನು ಕಂಡವರಿಗೆ ಈ ಉಪಾಯ ಹೊಸದೆನಿಸದು. ಅಲ್ಲಿ ಪುಡಿ ಉದುರುತ್ತದೆ. ಇಲ್ಲಿ ಹಿಟ್ಟು ಹಿಡಿದು ನಿಲ್ಲುತ್ತದೆ.

ಇದನ್ನು ಪರದೇಶದ ಹವ್ಯಾಸವೆಂದು ತಿಳಿಯುವ ಮುನ್ನ ನಾವು ನಮ್ಮ ನೆಲವನ್ನೇ ಒಮ್ಮೆ ನೋಡೋಣ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಕೃಷ್ಣಾ–ತುಂಗಭದ್ರೆಗಳ ನಡುವಿನ ದೋಆಬ್ ಪ್ರದೇಶಕ್ಕೆ ಸೇರಿದ್ದು. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ಬಳಿಕ ಬಿಜಾಪುರದ ಆದಿಲಶಾಹಿಗಳೂ ತಲೆಮಾರುಗಳ ಕಾಲ ಕಾದಾಡಿದರು. 1520ರ ರಾಯಚೂರು ಯುದ್ಧ ಎಲ್ಲರಿಗೂ ತಿಳಿದದ್ದೇ. ಆದರೆ ಕಾದಾಡಿದ ಎರಡು ಕಡೆಯವರೂ ಒಂದೇ ಕೆಲಸವನ್ನು ಮೆಚ್ಚಿದ್ದರು: ಅದು ಸುಣ್ಣದ ಗಾರೆಯ ಉಬ್ಬು ಕೆಲಸ. ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲೆ ಗಾರೆಯ ಅಲಂಕಾರವಿದೆ. 1422ರಲ್ಲಿ ತೀರಿಕೊಂಡ ಫಿರೋಜ್ ಷಾ ಬಹಮನಿಯ ಕಲಬುರಗಿಯ ಗೋರಿಯಲ್ಲಿಯೂ ಗಾರೆಯ ಬಳ್ಳಿಗಳಿವೆ. ಕತ್ತಿಗೆ ಗಡಿಯಿತ್ತು, ಗಾರೆಯವನ ಕರಣಿಗೆ ಗಡಿಯಿರಲಿಲ್ಲ.

ಗಾರೆ ಗೋಡೆಗೆ ಹೊಂದುತ್ತದೆ, ಮರಕ್ಕೆ ಹೊಂದದು. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಗಡಸು ಸುಣ್ಣ ಬಿರಿಯುತ್ತದೆ. ಮರದ ಮೇಲೆ ನಿಲ್ಲಲು ಅಂಟು ಬೆರೆತ ಮಿಶ್ರಣವೇ ಬೇಕು. ಈ ರಹಸ್ಯವನ್ನು ಬಲ್ಲವರು ದೂರದಲ್ಲಿಲ್ಲ. 1997ರವರೆಗೆ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದ ಕೊಪ್ಪಳದ ಸಮೀಪದಲ್ಲಿ ಕಿನ್ನಾಳ ಎಂಬ ಊರಿದೆ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರವಾದ ಮರದಿಂದ ದೇವತಾಮೂರ್ತಿ, ಗೊಂಬೆ, ತೊಟ್ಟಿಲು, ಪಲ್ಲಕ್ಕಿಗಳನ್ನು ಮಾಡುತ್ತ ಬಂದಿವೆ. ಅವರ ಪೂರ್ವಿಕರು ವಿಜಯನಗರದ ಆಶ್ರಯದಲ್ಲಿದ್ದವರೆಂಬುದು ಪ್ರತೀತಿ.

ಅವರ ವಿಧಾನವನ್ನು ಗಮನಿಸಿರಿ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಇದರ ಹೆಸರು ಕಿಟ್ಟ. ಇದನ್ನು ಮರಕ್ಕೆ ಬಳಿದು, ಬಟ್ಟೆಯ ತುಣುಕುಗಳನ್ನು ಅಂಟಿಸಿ, ಮೇಲೆ ಬೆಣಚುಕಲ್ಲಿನ ಪುಡಿಯನ್ನು ಅಂಟಿನೊಂದಿಗೆ ಸೇರಿಸಿದ ಲೇಪ ಹಾಕುತ್ತಾರೆ. ಮೂರ್ತಿಯ ಮೈಮೇಲಿನ ಒಡವೆಗಳು ಉಬ್ಬಿ ಮೂಡುವುದೂ ಇಂತಹ ಕಲ್ಲುಪುಡಿಯ ಲೇಪದಿಂದಲೇ. ಹರಿದ ಗೋಣಿ, ಎಸೆಯುವ ಬೀಜ, ಕಾಲಡಿಯ ಕಲ್ಲು—ಯಾರೂ ಬೆಲೆ ಕಟ್ಟದ ಈ ಮೂರು ವಸ್ತುಗಳಿಂದಲೇ ಆ ಕೆಲಸಕ್ಕೆ ಬೆಲೆ ಬಂದಿತು.

ಮೈಸೂರಿನಲ್ಲಿ ಇದೇ ತತ್ತ್ವ ಇನ್ನೂ ನವಿರಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಬೆಳೆದ ಮೈಸೂರು ಚಿತ್ರಕಲೆಯಲ್ಲಿ ಬಿಳಿ ಪುಡಿಯನ್ನು ಗೋಂದಿನಲ್ಲಿ ಅರೆದು, ಕುಂಚದಿಂದ ತೆಳುವಾಗಿ ಎಳೆದು, ಅದರ ಮೇಲೆ ಚಿನ್ನದ ರೇಕು ಹೊದಿಸುತ್ತಾರೆ. ತಂಜಾವೂರಿನ ಉಬ್ಬು ದಪ್ಪ. ಮೈಸೂರಿನದು ಬೆರಳಿಗೆ ಮಾತ್ರ ತಿಳಿಯುವಷ್ಟು ಸಣ್ಣದು. ಹಿಂದೆ ಬಳಸುತ್ತಿದ್ದ ಬಿಳಿ ಸೀಸ ವಿಷಕಾರಿ. ಆ ಸ್ಥಾನಕ್ಕೆ ಸತುವಿನ ಬಿಳಿ ಬಂದಿದೆ.

ಯುರೋಪಿನ ಕಥೆಯೂ ಭಿನ್ನವಲ್ಲ. ಇಟಲಿಯ ಚೆನ್ನಿನೋ ಚೆನ್ನಿನಿ 1400ರ ಸುಮಾರಿಗೆ ಬರೆದ ಕೈಪಿಡಿಯಲ್ಲಿ ಜಿಪ್ಸಮ್ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಮರದ ಹಲಗೆಗೆ ಬಳಿಯುವ ಕ್ರಮವನ್ನು ವಿವರಿಸಿದ್ದಾನೆ. ಸಂತರ ಚಿತ್ರಗಳ ಪ್ರಭಾವಳಿಗಳು ಎಷ್ಟೋ ಕಡೆ ಹೀಗೆಯೇ ಉಬ್ಬಿಕೊಂಡವು. ಅದೇ ಮಿಶ್ರಣ ಫ್ಲಾರೆನ್ಸಿನ ಮದುವೆ ಪೆಟ್ಟಿಗೆಗಳ ಮೇಲೆಯೂ ಮೂಡಿತು. ಪೂಜೆಯ ಹಲಗೆಗೂ ವಧುವಿನ ಸೀರುಪೆಟ್ಟಿಗೆಗೂ ಒಂದೇ ಲೇಪ, ಒಂದೇ ಕೈ!

ಹಾಗಾದರೆ ಅಂಗಡಿಯ ಅಚ್ಚುಹಾಳೆ ಬಂದ ಮೇಲೆ ಬದಲಾದದ್ದೇನು? ಲೇಪವಲ್ಲ, ಅದನ್ನು ಮಾಡುವ ಬಗೆಯ ತಿಳಿವಳಿಕೆ. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಾಯಿಸಿದಾಗ ಅದರೊಳಗಿನ ನೀರಿನ ಬಹುಪಾಲು ಹೊರಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ನೀರು ತಾಗಿದರೆ ನಿಮಿಷಗಳಲ್ಲಿ ಮತ್ತೆ ಕಲ್ಲಾಗುತ್ತದೆ. ಕಾಯುವ ಕೆಲಸವಿಲ್ಲ. ಕಿಟ್ಟಕ್ಕೆ ನೆನೆಯಬೇಕು, ಒಣಗಬೇಕು, ಪುಡಿಯಾಗಬೇಕು. ಆ ಕಾಯುವಿಕೆಗೆ ಇಂದಿನ ಮಾರುಕಟ್ಟೆ ಕೂಲಿ ಕೊಡದು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದ್ದರೂ ಅದನ್ನು ಮಾಡುವ ಮನೆಗಳು ಕೆಲವೇ. ಗುರುತು ಹೆಸರನ್ನು ಕಾಪಾಡೀತು; ಕಲಿಯುವ ಮಗುವನ್ನು ಅದು ತಂದುಕೊಡಲಾರದು.

ಅಚ್ಚುಹಾಳೆಯನ್ನು ದೂರಬೇಕಿಲ್ಲ. ಅದು ಬರೆಯಲಾರದವರ ಕೈಗೂ ಒಂದು ಬಳ್ಳಿಯನ್ನು ಕೊಟ್ಟಿದೆ. ಆದರೆ, ಓದುಗರೇ, ಮುಂದಿನ ಸಲ ಕಪಾಟಿನ ಕದವನ್ನು ಅಲಂಕರಿಸುವಾಗ ಒಂದು ಮೂಲೆಯನ್ನು ಖಾಲಿ ಬಿಡಿರಿ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಅಂಟು ಮಾಡಿರಿ. ಅದರಲ್ಲಿ ನುಣ್ಣನೆಯ ಕಲ್ಲುಪುಡಿ ಕಲಸಿ, ಅಚ್ಚಿಲ್ಲದೆ ಒಂದು ಎಲೆ ಬಿಡಿಸಿರಿ. ಆ ಎಲೆ ಸೊಟ್ಟಗಾದೀತು. ಮಕ್ಕಳು ಅದೇನೆಂದು ಕೇಳಿದಾಗ ಕಿನ್ನಾಳದ ಹೆಸರು ಹೇಳಿರಿ. ಬಿಡುವಾದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಒಂದು ಗೊಂಬೆಯನ್ನು ಮಾಡಿದವರ ಕೈಯಿಂದಲೇ ಕೊಂಡು ತನ್ನಿರಿ.