ಬಿ.ಜಿ.ಎಲ್. ಸ್ವಾಮಿಯವರ ಸಸ್ಯರಚನಾ ಸಂಶೋಧನೆ: ಅಂಬೊರೆಲ್ಲಾ, ಸಾರ್ಕಾಂಡ್ರಾ ಮತ್ತು ಕಾರ್ಪೆಲ್

ಡಿ.ವಿ. ಗುಂಡಪ್ಪನವರ ಪುತ್ರರಾದ ಬಿ.ಜಿ.ಎಲ್. ಸ್ವಾಮಿಯವರು ಕನ್ನಡಿಗರಿಗೆ ಮುಖ್ಯವಾಗಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನ ಕರ್ತೃವಾಗಿ ಪರಿಚಿತರು. ಆದರೆ 1940ರ ದಶಕದ ಕೊನೆಯಿಂದ ಅವರು ಪ್ರಕಟಿಸಿದ ಸಸ್ಯವೈಜ್ಞಾನಿಕ ಪ್ರಬಂಧಗಳು ಹೂಬಿಡುವ ಸಸ್ಯಗಳ ಮೂಲವನ್ನು ಕುರಿತ ಚರ್ಚೆಯಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತಿದ್ದು, ಅವರ ಜೀವಿತಕಾರ್ಯದ ಮೌಲ್ಯಮಾಪನ ಅಲ್ಲಿಂದಲೇ ಆರಂಭವಾಗುವುದು ನ್ಯಾಯ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ ಆರ್ಕಿಡ್‌ಗಳ ಭ್ರೂಣವಿಜ್ಞಾನದಲ್ಲಿ, ಎಂದರೆ ಬೀಜಾಂಡದೊಳಗೆ ಭ್ರೂಣ ರೂಪುಗೊಳ್ಳುವ ಬಗೆಯ ಅಧ್ಯಯನದಲ್ಲಿ, ತೊಡಗಿದ್ದ ಅವರು ಮುಂದೆ ಹಾರ್ವರ್ಡ್‌ಗೆ ತೆರಳಿ ಸಸ್ಯವಿಜ್ಞಾನಿ ಅರ್ವಿಂಗ್ ಬೈಲಿಯವರೊಡನೆ ದುಡಿದರು. ಕಟ್ಟಿಗೆಯ ರಚನೆಯಿಂದ ಸಸ್ಯಗಳ ವಿಕಾಸಕ್ರಮವನ್ನು ಊಹಿಸುವುದು ಬೈಲಿಯವರ ವಿಧಾನವಾಗಿತ್ತು: ಹೂಬಿಡುವ ಬಹುತೇಕ ಸಸ್ಯಗಳಲ್ಲಿ ನೀರು ಸಾಗುವುದು ತುದಿಗಳು ತೆರೆದುಕೊಂಡ ಕೋಶಗಳು ಕೊಳವೆಗಳಂತೆ ಜೋಡಣೆಗೊಂಡ ನಾಳಗಳಲ್ಲಿ; ಕೆಲವೇ ಕುಲಗಳಲ್ಲಿ ಅಂಥ ನಾಳಗಳಿಲ್ಲದೆ, ತುದಿ ಮುಚ್ಚಿದ ಟ್ರಾಕೀಡ್ ಕೋಶಗಳಷ್ಟೇ ಇರುತ್ತವೆ, ಇದು ಆದಿಮ ಸ್ಥಿತಿಯೆಂಬುದು ಅವರ ಎಣಿಕೆ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಅಂಬೊರೆಲ್ಲಾ ಇಂಥ ನಾಳರಹಿತ ಸಸ್ಯಗಳಲ್ಲಿ ಹೊಸದೊಂದು ರಚನಾಪ್ರಕಾರವೆಂದು ಇಬ್ಬರೂ 1948ರಲ್ಲಿ ನಿರೂಪಿಸಿದರು. 1950ರಲ್ಲಿ ಸಾರ್ಕಾಂಡ್ರಾ ಕುಲವನ್ನೂ ಅದೇ ಗುಂಪಿಗೆ ಸೇರಿಸಿದರು. ದಕ್ಷಿಣ ಭಾರತದ ಒಂದು ಸಾರ್ಕಾಂಡ್ರಾ ಪ್ರಭೇದಕ್ಕೆ ಸ್ವಾಮಿಯವರು ಇಟ್ಟ ‘ಅರ್ವಿಂಗ್‌ಬೈಲಿಯೈ’ ಎಂಬ ಹೆಸರು ಗುರುಸ್ಮರಣೆಯ ಗುರುತಾಗಿದೆ.

ಇವೆಲ್ಲಕ್ಕಿಂತ ತೂಕವುಳ್ಳದ್ದು 1951ರ ಕಾರ್ಪೆಲ್ ಪ್ರಬಂಧ. ಕಾರ್ಪೆಲ್ ಎಂಬುದು ಬೀಜಾಂಡಗಳನ್ನು ಆವರಿಸಿರುವ ಹೂವಿನ ಸ್ತ್ರೀ ಅಂಗ. ಫಿಜಿಯ ಡಿಜನೇರಿಯಾ ಮೊದಲಾದವುಗಳಲ್ಲಿ ಅದು ನಡುನರದ ಗುಂಟ ಉದ್ದಕ್ಕೆ ಮಡಚಿದ ಎಲೆಯಂತಿದ್ದು, ಅಂಚುಗಳು ಪೂರ್ತಿಯಾಗಿ ಬೆಸೆದುಕೊಂಡಿರದೆ, ಆ ಅಂಚುಗಳ ಉದ್ದಕ್ಕೂ ಇರುವ ರೋಮಗಳೇ ಪರಾಗವನ್ನು ಹಿಡಿದುಕೊಳ್ಳುತ್ತವೆ. ಈ ಮಡಚಿದ ರೂಪವೇ ಆದಿಮವೆಂದೂ, ತುದಿಗೆ ಸೀಮಿತವಾದ ಶಲಾಕಾಗ್ರ (ಪರಾಗವನ್ನು ಹಿಡಿಯುವ ಭಾಗ) ಆಮೇಲಿನ ವಿಶೇಷೀಕರಣವೆಂದೂ ಬೈಲಿ ಮತ್ತು ಸ್ವಾಮಿ ವಾದಿಸಿದರು. ಊಹೆಗಿಂತ ಹೆಚ್ಚಾಗಿ ಸೂಕ್ಷ್ಮದರ್ಶಕದಡಿಯ ಛೇದಗಳನ್ನು ಆಧರಿಸಿದ ಈ ವಾದ ದಶಕಗಳ ಕಾಲ ಪಠ್ಯಪುಸ್ತಕಗಳ ಪಾಠವಾಯಿತು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದ ಸ್ವಾಮಿಯವರು 1980ರಲ್ಲಿ ತೀರಿಕೊಂಡರು. 1987ರಲ್ಲಿ ಸಸ್ಯವಿಜ್ಞಾನಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಸಾರ್ಕಾಂಡ್ರಾದ ಕಟ್ಟಿಗೆಯಲ್ಲಿ ನಾಳಗಳನ್ನು ಗುರುತಿಸಿದ್ದರಿಂದ 1950ರ ತೀರ್ಮಾನ ತಿದ್ದುಪಡಿಗೊಳಗಾಯಿತು. 1999ರ ಡಿಎನ್‌ಎ ಅಧ್ಯಯನಗಳು ಅಂಬೊರೆಲ್ಲಾವನ್ನು ಹೂಬಿಡುವ ಉಳಿದೆಲ್ಲ ಸಸ್ಯಗಳಿಗೂ ಸೋದರವಂಶವೆಂದು ತೋರಿಸಿದಾಗ, ಆ ಗಿಡದತ್ತ ಅರ್ಧ ಶತಮಾನದ ಹಿಂದೆಯೇ ಹರಿದಿದ್ದ ಗಮನ ಸಾರ್ಥಕವೆನಿಸಿತು; ಆದರೆ ಅದರ ಕಾರ್ಪೆಲ್ ಮಡಚಿದ ಎಲೆಯಂತಿರದೆ ಹೂಜಿಯಾಕಾರದ್ದಾಗಿ, ಬಾಯಿ ಸ್ರಾವದಿಂದ ಮುಚ್ಚಿಕೊಳ್ಳುವಂಥದ್ದು. ಹೀಗಾಗಿ 1951ರ ವಾದವನ್ನು ಪ್ರಶ್ನಿಸುವ ಸಾಕ್ಷ್ಯಗಳಲ್ಲಿ ಪ್ರಮುಖವಾದುದು, 1948ರಲ್ಲಿ ಅದೇ ಇಬ್ಬರು ವಿವರವಾಗಿ ವರ್ಣಿಸಿದ ಗಿಡದಿಂದಲೇ ಬಂದಿದೆ.