ಹತ್ತು ಎಚ್‌ಪಿ ಕರೆಂಟು ಫ್ರೀ ಆದ ಕಥೆ

ಸ್ವಲ್ಪ ಉದ್ದ ಆಗೈತಿ, ಬಿಡುವಾದಾಗ ಓದಿ.

ಮೊನ್ನೆ ನಮ್ಮ ಕಡೆ ರಾತ್ರಿ ಪಾಳಿ ಕರೆಂಟು. ಮೆಕ್ಕೆಜೋಳಕ್ಕೆ ನೀರು ಬಿಡಾಕ ಹೋಗಿದ್ದೆ. ಪಕ್ಕದ ಹೊಲದ ಹುಡುಗ ಬದುವಿನ ಮೇಲೆ ಕುಂತು ಕೇಳಿದ: "ಮಾಮ, ಆ ಕಡೆ ತೋರಣಗಲ್ಲು ಚಿಮಣಿ ದೀಪ, ಈ ಕಡೆ ಕುಡತಿನಿ ಚಿಮಣಿ ದೀಪ. ನಡುವೆ ನಾವು ಟಾರ್ಚ್ ಹಿಡಕೊಂಡು ಕುಂತೀವಿ. ಇದೇನು ನ್ಯಾಯ?" ನಾನು, "ಬಿಲ್ ಕಟ್ಟಂಗಿಲ್ಲಲ್ಲ, ಸುಮ್ನಿರು" ಅಂದೆ. ಮನೆಗೆ ಬಂದ ಮೇಲೆ ಆ ಮಾತು ನನಗೇ ಸರಿ ಅನ್ನಿಸಲಿಲ್ಲ. ಅದಕ್ಕೇ ಇದನ್ನು ಬರೀತಿದೀನಿ.

ನಮ್ಮಪ್ಪನ ಕಾಲದಾಗ ಬಾವಿಗೆ 5 ಎಚ್‌ಪಿ ಮೋಟರ್. ಬಿಲ್ ಬಂತಂದ್ರೆ ಶೇಂಗಾ ಮಾರಿ ಕಟ್ಟಬೇಕಿತ್ತು. 1980ರ ನರಗುಂದ, ನವಲಗುಂದದ ಗಲಾಟೆ ಆದ ಮೇಲೆ ರಾಜ್ಯದಾಗ ರೈತ ಸಂಘ ಹುಟ್ಟಿತು. ಕರ, ಸಾಲ, ಕರೆಂಟು ಬಿಲ್ಲು ಇವೆಲ್ಲ ವಿಧಾನಸೌಧದ ಮಾತಾದವು. 1990ರ ಅಕ್ಟೋಬರಿನಲ್ಲಿ ಎಸ್. ಬಂಗಾರಪ್ಪ ಮುಖ್ಯಮಂತ್ರಿ ಆದರು. 1967ರಿಂದ ಸೊರಬದ ಶಾಸಕರಾಗಿ ಬಂದವರು. ಅವರ ಸರ್ಕಾರವೇ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಫ್ರೀ ಮಾಡಿದ್ದು. ಆವತ್ತು ಅಪ್ಪನ ಮುಖದಾಗ ಕಂಡ ಸಮಾಧಾನ ನನಗೆ ಇನ್ನೂ ನೆನಪೈತಿ.

ಆದರೆ ಅದು ಹಂಗೇ ಉಳಿಯಲಿಲ್ಲ. ಮುಂದಿನ ಸರ್ಕಾರಗಳ ಕಾಲದಲ್ಲಿ ಪಂಪ್‌ಸೆಟ್ಟಿಗೆ ಮತ್ತೆ ದರ ಬಂತು. ಎಷ್ಟೋ ಮಂದಿ ಕಟ್ಟಲಿಲ್ಲ, ಬಾಕಿ ಬೆಳೀತು. ಅದೇ ಹೊತ್ತಿಗೆ ಇಲಾಖೆಯೂ ಬದಲಾಯಿತು. 1957ರಿಂದ ಇದ್ದ ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು. ದರ ನಿಗದಿ ಮಾಡಾಕ ವಿದ್ಯುತ್ ನಿಯಂತ್ರಣ ಆಯೋಗ ಬಂತು. 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ ಆಯಿತು. 2008ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪ ರೈತರ ಹೆಸರಲ್ಲಿ ಪ್ರಮಾಣವಚನ ತಗೊಂಡರು. ಅದೇ ವರ್ಷ 10 ಎಚ್‌ಪಿವರೆಗೆ ಮತ್ತೆ ಫ್ರೀ ಅಂತ ಆದೇಶ ಆಯಿತು. ಆಮೇಲೆ ಬಂದ ಯಾವ ಪಕ್ಷದ ಸರ್ಕಾರವೂ ಅದನ್ನು ತೆಗೆದಿಲ್ಲ.

ಇಲ್ಲಿ ಒಂದು ವಿಷಯ ತಿಳ್ಕೋಬೇಕು. ಫ್ರೀ ಅಂದ್ರೆ ಯಾರೂ ದುಡ್ಡು ಕೊಡಲ್ಲ ಅಂತಲ್ಲ. ನಮ್ಮ ಬದಲಿಗೆ ಸರ್ಕಾರ ಕಂಪನಿಗೆ ಕೊಡುತ್ತೆ. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಸಬ್ಸಿಡಿ ಹಣ ಸರ್ಕಾರ ಮುಂಗಡವಾಗಿ ಕೊಡಬೇಕು. ಆ ಹಣ ಪ್ರತಿ ವರ್ಷ ಬಜೆಟ್‌ನಲ್ಲಿ ಬರಬೇಕು. ಬಜೆಟ್ಟಿಗೆ ಒಪ್ಪಿಗೆ ಕೊಡೋರು ನಾವು ಆರಿಸಿ ಕಳಿಸಿದ ಶಾಸಕರು. ಅಂದ್ರೆ ಇದು ಒಂದು ಸಲ ಕೊಟ್ಟು ಮುಗಿದ ದಾನ ಅಲ್ಲ, ಪ್ರತಿ ವರ್ಷ ಮತ್ತೆ ಪಾಸಾಗಬೇಕಾದ ಲೆಕ್ಕ. ಆ ಲೆಕ್ಕದ ಕೀಲಿ ಹಣಕಾಸು ಇಲಾಖೆ ಕೈಯಾಗೈತಿ. ನಮ್ಮ ಸಂಡೂರಿನ ಎಂ.ವೈ. ಘೋರ್ಪಡೆಯವರು 1972ರಲ್ಲಿ ದೇವರಾಜ ಅರಸು ಸರ್ಕಾರದಾಗ ಅದೇ ಹಣಕಾಸು ಮಂತ್ರಿ ಆಗಿದ್ದರು. ಆ ಕೀಲಿ ಒಮ್ಮೆ ನಮ್ಮ ತಾಲೂಕಿನವರ ಕೈಯಾಗೂ ಇತ್ತು ಅಂತ ಹುಡುಗರಿಗೆ ಗೊತ್ತಿರಲಿ.

ಈಗ ಚಿಮಣಿ ವಿಷಯಕ್ಕೆ ಬರೋಣ. ತೋರಣಗಲ್ಲಿನ ಖಾಸಗಿ ಸ್ಥಾವರ 2000ದಲ್ಲಿ 260 ಮೆಗಾವ್ಯಾಟ್‌ನಿಂದ ಶುರುವಾಯಿತು, 2009ರಲ್ಲಿ ಇನ್ನೂ 600 ಸೇರಿತು. ಕುಡತಿನಿಯ ಬಿಟಿಪಿಎಸ್ ಸರ್ಕಾರದ್ದು. ಅಲ್ಲಿ 500, 500, 700 ಅಂತ ಮೂರು ಘಟಕ, ಒಟ್ಟು 1,700 ಮೆಗಾವ್ಯಾಟ್. ಬಿಟಿಪಿಎಸ್ ಕರೆಂಟು ಹತ್ತಿರದ ಹೊಲಕ್ಕೆ ಮೊದಲು ಬರಲ್ಲ. ದೊಡ್ಡ ಲೈನಿಗೆ ಸೇರಿ ಇಡೀ ರಾಜ್ಯಕ್ಕೆ ಹಂಚಿಕೆ ಆಗುತ್ತೆ. ನಮ್ಮ ಮೋಟರಿಗೆ ಯಾವಾಗ, ಎಷ್ಟು ತಾಸು ಅನ್ನೋದು ಸರ್ಕಾರದ ತೀರ್ಮಾನ ಮತ್ತು ನಮ್ಮ ಸಬ್‌ಸ್ಟೇಷನ್, ಫೀಡರಿನ ತಾಕತ್ತಿನ ಮೇಲೆ ನಿಂತೈತಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದರು. ಅದಕ್ಕೇ ಮನೆಯಾಗ ದೀಪ ಇರುತ್ತೆ, ಹೊಲದಾಗ ತ್ರೀ ಫೇಸ್ ಇರಲ್ಲ. ಸರ್ಕಾರ ಹೇಳಿದ್ದು ದಿನಕ್ಕೆ 7 ತಾಸು.

2023ರ ಬರಗಾಲ ನೆನಪು ಮಾಡ್ಕೊಳ್ಳಿ. ಅಕ್ಟೋಬರಿನಲ್ಲಿ ಆ 7 ತಾಸು 5ಕ್ಕೆ ಇಳಿದಿತ್ತು. ರೈತರು ರಸ್ತೆಗೆ ಬಂದರು, ವಿರೋಧ ಪಕ್ಷದವರು ಗದ್ದಲ ಮಾಡಿದರು, ಆಮೇಲೆ ಮತ್ತೆ 7 ತಾಸು ಕೊಡ್ತೀವಿ ಅಂತ ಸರ್ಕಾರ ಹೇಳಿತು. ಅಂದ್ರೆ ಕೇಳಿದ್ರೆ ಆಗುತ್ತೆ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಕ್ರಮ ಸಕ್ರಮ ನಿಂತಿತು. ಆಮೇಲೆ ಹೊಸ ಬೋರಿಗೆ ಕಂಬ, ವೈರ್ ಖರ್ಚು ರೈತನದೇ ಆಯಿತು. ಅದರ ಬಗ್ಗೆ ಅಷ್ಟು ಗದ್ದಲ ಕೇಳಿಸಲಿಲ್ಲ.

ನನಗೆ ಅನ್ನಿಸೋದು ಇಷ್ಟು. ಬಿಲ್ ನಿಂತ ಮೇಲೆ ನಾವು ಲೆಕ್ಕ ಕೇಳೋದನ್ನೂ ನಿಲ್ಲಿಸಿದೀವಿ. ರಾಜ್ಯದ ಕರೆಂಟಿನಾಗ ಸುಮಾರು ಮೂರರಲ್ಲೊಂದು ಪಾಲು ಪಂಪ್‌ಸೆಟ್ಟಿಗೆ ಹೋಗುತ್ತೆ ಅಂತ ಬರೀತಾರೆ. ಆದರೆ ಬಹಳಷ್ಟು ಮೋಟರಿಗೆ ಮೀಟರೇ ಇಲ್ಲ, ಅದು ಅಂದಾಜಿನ ಲೆಕ್ಕ. ಬೇರೆ ಕಡೆ ಸೋರಿದ್ದನ್ನೂ ನಮ್ಮ ಹೆಸರಿಗೆ ಬರೆದರೆ ಅದು ತಪ್ಪು ಅಂತ ಹೇಳಾಕ ನಮ್ಮ ಕೈಯಾಗ ಒಂದು ಚೀಟಿಯೂ ಇಲ್ಲ.

ಹಂಗಾಗಿ ಒಂದು ಕೆಲಸ ಮಾಡೋಣ. ಸ್ಟಾರ್ಟರ್ ಡಬ್ಬಿ ಪಕ್ಕ ಒಂದು ನೋಟ್‌ಬುಕ್ ಇಡಿ. ಕರೆಂಟು ಬಂದ ಹೊತ್ತು, ಹೋದ ಹೊತ್ತು ದಿನಾ ಬರೀರಿ. ಆರ್‌ಆರ್ ನಂಬರ್ ಬರೆದಿಟ್ಕೊಳ್ಳಿ, ಆಧಾರ್ ಜೋಡಣೆ ಆಗೈತೋ ಇಲ್ಲೋ ನೋಡ್ಕೊಳ್ಳಿ. ತಾಲೂಕಿನ ಕೆಡಿಪಿ ಸಭೆಗೆ ಅಧ್ಯಕ್ಷರು ಶಾಸಕರೇ, ಕರೆಂಟಿನ ಅಧಿಕಾರಿಗಳೂ ಅಲ್ಲಿ ಉತ್ತರ ಕೊಡಬೇಕು. ಸಭೆಗೆ ಮೊದಲು ಒಂದು ಫೀಡರಿನ ಹತ್ತು ರೈತರ ಲೆಕ್ಕ ಸೇರಿಸಿ ಶಾಸಕರ ಕೈಗೆ ಕೊಟ್ಟರೆ, ಬರೀ "ಕರೆಂಟು ಸರಿ ಇಲ್ಲ ಸಾಹೇಬ್ರೆ" ಅನ್ನೋದಕ್ಕಿಂತ ತೂಕ ಇರುತ್ತೆ. ಹಗಲು ಪಾಳಿ ಯಾಕೆ ಆಗಲ್ಲ, ಸಬ್‌ಸ್ಟೇಷನ್ ಸಾಲದೇ ಹೋದರೆ ಯಾವಾಗ ಹೆಚ್ಚಿಸ್ತೀರಿ ಅಂತ ಸದನದಾಗೂ ಅವರು ಪ್ರಶ್ನೆ ಹಾಕಬಹುದು.

ಆ ಹುಡುಗನಿಗೆ ನಿನ್ನೆ ಒಂದು ನೋಟ್‌ಬುಕ್ ಕೊಟ್ಟು ಬಂದೆ. ನಾನೂ ಶುರು ಮಾಡೀನಿ. ನಿಮ್ಮ ಫೀಡರಿಗೆ ಎಷ್ಟು ತಾಸು, ಯಾವ ಪಾಳಿ ಅಂತ ತಿಳಿಸಿ, ಒಟ್ಟಿಗೆ ಸೇರಿಸೋಣ.